ಅರ್ಧ ಸೋಪಿನ ಸಾಕ್ಷಿ

ಸೋಪು ಅರ್ಧವೇ ಇತ್ತು.

ತಿಕ್ಕಿ ಸವೆದ ಅರ್ಧವಲ್ಲ, ಚಾಕುವಿನಿಂದ ಕೊಯ್ದ ಅರ್ಧ. ಕಂಪನಿಯ ಹೆಸರಿನ ಮೊದಲೆರಡು ಅಕ್ಷರಗಳು ಅಚ್ಚುಕಟ್ಟಾಗಿ ಉಳಿದಿದ್ದವು. ಮೂರನೆಯ ಅಕ್ಷರಕ್ಕೆ ಹೊಟ್ಟೆಯೇ ಇರಲಿಲ್ಲ. ನಾನದನ್ನು ಬಚ್ಚಲುಮನೆಯ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಾಗ ಮಾವ ಬಾಗಿಲು ಬಡಿದರು.

"ಒಳಗೆ ನಡೀತಿರೋದು ಸ್ನಾನಾನೋ, ತನಿಖೆನೋ?"

"ಬಂದೆ ಮಾವ."

"ತನಿಖೆ ಆದ್ರೆ ಹೊರಗೆ ಬಂದು ಮಾಡಮ್ಮ. ಇಲ್ಲಿ ಜನ ಕಾಯ್ತಿದಾರೆ."

ಜನ ಎಂದರೆ ಅವರೊಬ್ಬರೇ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಂಜೆಯ ವಿಚಾರಣೆಗಾಗಿ ಈಗಲೇ ಎರಡನೆಯ ಸ್ನಾನಕ್ಕೆ ಸಿದ್ಧರಾಗಿದ್ದರು.

ಕಂಬ ಬದಲಿಸುತ್ತೇವೆಂದು ನಮ್ಮ ಬೀದಿಯ ಲೈನು ಬಿಚ್ಚಿಕೊಂಡು ಹೋದವರು ಮರಳಿ ಬರದೇ ಇದ್ದದ್ದರಿಂದ ಮನೆಗೆ ಸೋಲಾರ್ ಬಂದದ್ದು, ಬೆಳಗಿನವರೆಗೆ ಉರಿಯಬೇಕಾದ ದೀಪ ದಿನಾ ಊಟಕ್ಕೆ ತಟ್ಟೆ ಹಾಕುವ ಹೊತ್ತಿಗೇ ಆರುತ್ತಿದ್ದದ್ದು, ಇವೆರಡೇ ಸದ್ಯಕ್ಕೆ ನೆನಪಿದ್ದರೆ ಸಾಕು. ಯಾರೋ ಮನೆಯೊಳಗೇ ಕರೆಂಟು ಕದಿಯುತ್ತಿದ್ದಾರೆ ಎಂಬುದು ನನ್ನ ಅನುಮಾನ. ಸೋಲಾರ್ ಹಾಕಿದ ಹುಡುಗನಿಗೆ ಲೆಕ್ಕ ಬರುವುದಿಲ್ಲ ಎಂಬುದು ಮಾವನ ತೀರ್ಪು.

ಆ ಹುಡುಗ ನಮ್ಮ ನಾದಿನಿಯನ್ನು ಮದುವೆಯಾಗಬೇಕಾದವನು. ತೊಂದರೆ ಇದ್ದದ್ದೇ ಅಲ್ಲಿ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಇಂದಿಗೂ ತರಕಾರಿಯವಳು ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ತಕ್ಕಡಿಯನ್ನು ಬುಟ್ಟಿಯ ಕೆಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಅಂಥವರ ಮನೆಯಲ್ಲಿ ಅಳತೆ ತಪ್ಪಿದ ಅಳಿಯ!

"ಒಂದು ಮನೆ ದೀಪದ ಲೆಕ್ಕ ಹಾಕೋಕೆ ಬರದವನು ಸಂಸಾರದ ಲೆಕ್ಕ ಏನು ಹಾಕ್ತಾನೆ?" ಎಂದು ಅವರು ನಿನ್ನೆ ಕತ್ತಲೆಯಲ್ಲೇ ಘೋಷಿಸಿದ್ದರು. "ನಾಳೆ ಸಂಜೆ ಬರಲಿ. ನನ್ನೆದುರು ಕೂತು, ತನ್ನ ಲೆಕ್ಕ ತಪ್ಪು ಅಂತ ಒಪ್ಕೊಳ್ಳಲಿ. ಸಾಮಾನು ಬಿಚ್ಕೊಂಡು ಹೋಗ್ಲಿ. ಮದುವೆ ಮಾತೂ ಅದರ ಜೊತೆಗೇ ಹೋಗ್ಲಿ."

ನನಗೆ ಭಯ ಹುಟ್ಟಿಸಿದ್ದು ಮಾವನ ಕೋಪವಲ್ಲ, ಹುಡುಗನ ಪ್ರಾಮಾಣಿಕತೆ. ಅವನು ಬಂದು ನಿಜವಾಗಿಯೂ ಒಪ್ಪಿಕೊಳ್ಳುವವನಿದ್ದ.

ಕಳೆದ ವಾರ ಬಂದಿದ್ದಾಗ ಮಾವ ಅವನನ್ನು ಮೆಟ್ಟಿಲ ಕೆಳಗಿನ ಬ್ಯಾಟರಿ ಗೂಡಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಹಜಾರದ ನಡುವೆ ಕುರ್ಚಿ ಹಾಕಿ ಕೂರಿಸಿದ್ದರು.

"ಆಂಪಿಯರ್, ಸಾಮಾನು ಮುಟ್ಟಬೇಡ. ಲೆಕ್ಕ ತಪ್ಪಿದ್ರೆ ಬಾಯಲ್ಲೇ ಸಿಗತ್ತೆ. ಒಪ್ಪಿಸು."

ಹೆತ್ತವರು ಅವನಿಗಿಟ್ಟ ಹೆಸರನ್ನು ಮಾವ ಮೊದಲ ದಿನವೇ ರದ್ದು ಮಾಡಿದ್ದರು. ಆಂಪಿಯರ್ ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಮಗ್ಗಿ ಒಪ್ಪಿಸುವವನಂತೆ ಶುರು ಮಾಡಿದ.

"ಪ್ರತಿ ಸಾಮಾನಿಗೂ ವ್ಯಾಟ್ ಎಷ್ಟು, ಎಷ್ಟು ಗಂಟೆ ಓಡತ್ತೆ, ಎರಡನ್ನೂ ಗುಣಿಸಿದೆ ಸರ್. ಆಮೇಲೆ ಎಲ್ಲಾ ಕೂಡಿಸಿದೆ. ಸಂಜೆಯಿಂದ ಬೆಳಗಿನ ತನಕ ಎರಡು ಬ್ಯಾಟರಿಯಷ್ಟು ಬೇಕು ಅಂತ ಬಂತು. ಅದಕ್ಕೆ ನಾಲ್ಕು ಹಾಕಿದೆ."

"ಎರಡು ಕೇಳಿದವನಿಗೆ ನಾಲ್ಕು ಯಾಕೆ? ಕಡಿಮೆ ತೂಗೋದು ಎಷ್ಟು ತಪ್ಪೋ, ಜಾಸ್ತಿ ತೂಗೋದೂ ಅಷ್ಟೇ ತಪ್ಪು."

"ಬ್ಯಾಟರಿ ಪೂರ್ತಿ ಖಾಲಿ ಮಾಡಬಾರದು ಸರ್, ಬೇಗ ಹಾಳಾಗತ್ತೆ. ಅರ್ಧ ಇಳೀತಿದ್ದ ಹಾಗೇ ಬ್ಯಾಟರಿ ಮೇಲೆ ಗೋಡೇಲಿರೋ ಪೆಟ್ಟಿಗೆ ತಾನೇ ಆಫ್ ಮಾಡಿಬಿಡತ್ತೆ. ಅದಕ್ಕೇ ಎರಡರಷ್ಟು."

"ಸರಿ, ನಾಲ್ಕರ ಬದಲು ಎರಡೇ ಇಟ್ಟಿದ್ರೆ?"

"ನಡುರಾತ್ರಿಗೆ ಹೋಗ್ತಿತ್ತು."

"ಒಂದೇ ಇಟ್ಟಿದ್ರೆ?"

"ಒಂದಾದ್ರೆ... ಊಟಕ್ಕೆ ತಟ್ಟೆ ಹಾಕೋ ಹೊತ್ತಿಗೆ."

"ಅಂದ್ರೆ ನಾಲ್ಕು ಹೊತ್ಕೊಂಡು ಬಂದು ಒಂದರ ಕೆಲಸ ಮಾಡಿಸಿದೀಯ. ಭಲೇ!"

ಪಾಪ, ಅವನ ಮುಖ ಇಳಿದುಹೋಯಿತು. ಮತ್ತೆ ಮತ್ತೆ ಕೂಡಿದ. ಪ್ರತಿ ಸಲವೂ ಅದೇ ಉತ್ತರ. ಕೊನೆಗೆ ಉತ್ತರದ ಮೇಲಿದ್ದ ನಂಬಿಕೆಯಲ್ಲ, ತನ್ನ ಮೇಲಿದ್ದ ನಂಬಿಕೆಯೇ ಹೋಗಿ, "ಎಲ್ಲೋ ನಾನೇ ಎಡವಿರಬೇಕು ಸರ್" ಎಂದು ಎದ್ದು ಹೋಗಿದ್ದ.

ಅವನು ಹೋದ ಮೇಲೆ ನಾನು ಮನೆಯ ಸಾಮಾನುಗಳ ವಿಚಾರಣೆ ನಡೆಸಿದ್ದೆ. ಊರೆಲ್ಲ ಕೇಳುವಂತೆ ಅರಚುವ ಮಿಕ್ಸಿ ಓಡುವುದು ಐದು ನಿಮಿಷ, ಅದು ನಿರಪರಾಧಿ. ಮಾವನ ಇಸ್ತ್ರಿಪೆಟ್ಟಿಗೆ ಬಿಸಿಲಿರುವಾಗಲೇ ಕೆಲಸ ಮುಗಿಸುತ್ತದೆ, ಅದೂ ನಿರಪರಾಧಿ. ಮೂಲೆಯಲ್ಲಿ ಮಾತಾಡದೆ ನಿಂತು ಹಗಲೂ ರಾತ್ರಿ ತಿನ್ನುವ ಫ್ರಿಜ್ಜೇ ದೊಡ್ಡ ಹೊಟ್ಟೆಬಾಕ. ಆದರೆ ಅದರ ಪಾಲನ್ನು ಆಂಪಿಯರ್ ಮೊದಲೇ ಲೆಕ್ಕಕ್ಕೆ ಹಿಡಿದಿದ್ದ.

ಉಳಿದದ್ದು ಬ್ಯಾಟರಿಗಳು. ನಾಲ್ಕೂ ಇದ್ದವು. ನಾನೇ ಎಣಿಸಿದ್ದೆ. ರಾತ್ರಿ ಮಲಗುವ ಮುನ್ನ ಗ್ಯಾಸು, ಚಿಲಕ, ನಲ್ಲಿಗಳನ್ನು ಎರಡೆರಡು ಸಲ ನೋಡಿ ಬರುವವಳು ನಾನು. ಬ್ಯಾಟರಿ ಬಂದ ಮೇಲೆ ಆ ಸುತ್ತಿನಲ್ಲಿ ಅದನ್ನೂ ಸೇರಿಸಿಕೊಂಡಿದ್ದೆ. ನೋಡುವುದು ದೂರದಿಂದ, ಟಾರ್ಚು ಬಿಟ್ಟು. ಒಳಗೆ ಆಸಿಡ್ ಇದೆ ಎಂದು ಕೇಳಿದ ಮೇಲೆ ಹತ್ತಿರ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ಟಿವಿಗೆ, ರೇಡಿಯೋಗೆ, ಮಿಕ್ಸಿಗೆ ಗವಸು ಹೊಲಿದ ಹಾಗೆ ಅತ್ತೆ ಬ್ಯಾಟರಿಗಳಿಗೂ ಹೂವಿನ ಬಟ್ಟೆಯಲ್ಲಿ ಗವಸು ಹೊಲಿದಿದ್ದರು. ನಾಲ್ಕು ಹೂವಿನ ಗವಸು, ಎಂದರೆ ನಾಲ್ಕು ಬ್ಯಾಟರಿ. ನನಗೆ ಸಮಾಧಾನ.

ಈಗ ಅರ್ಧ ಸೋಪು ಹಿಡಿದುಕೊಂಡು ಬಚ್ಚಲಿನಿಂದ ಹೊರಗೆ ಬರುವಾಗ ಆ ಸಮಾಧಾನ ಅಲ್ಲಾಡತೊಡಗಿತು.

ಅತ್ತೆಯ ಬೀರು ತೆರೆದೆ. ಹೊಸ ಟವೆಲ್ಲುಗಳ ಜೋಡಿಯಲ್ಲಿ ಒಂದು ಮಾತ್ರ ಬಳಕೆಯಲ್ಲಿತ್ತು. ಇನ್ನೊಂದು ಕಾಗದದಲ್ಲಿ ಸುತ್ತಿಕೊಂಡು ಮಲಗಿತ್ತು. ಪಕ್ಕದಲ್ಲಿ ಸೋಪುಗಳ ಇನ್ನರ್ಧಗಳು ಸಾಲಾಗಿ, ಮದುವೆ ಮನೆಯಲ್ಲಿ ಜೊತೆಗಾರರನ್ನು ಕಳೆದುಕೊಂಡವರ ಹಾಗೆ ಕೂತಿದ್ದವು. ಹೊಲಿಗೆ ದಾರದ ಉಂಡೆಯನ್ನು ಕೂಡ ಎರಡು ಮಾಡಿ ಒಂದನ್ನು ಎತ್ತಿಟ್ಟಿದ್ದರು. ಏನೇ ಬಂದರೂ ಅರ್ಧ ಬಳಕೆಗೆ, ಅರ್ಧ ಆಪತ್ತಿಗೆ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನೋಡುತ್ತಿದ್ದ ಅಭ್ಯಾಸ. ಕಣ್ಣಿಗೆ ಒಗ್ಗಿಹೋಗಿ ಕಾಣದಂತಾಗಿತ್ತು.

ಅರ್ಧ.

ಆ ಮಾತನ್ನು ಬ್ಯಾಟರಿಯ ಸಂಗಡ ನಾನು ಇನ್ನೊಮ್ಮೆ ಕೇಳಿದ್ದೆ. ಸೋಲಾರ್ ಕೂರಿಸಿದ ದಿನ ಆಂಪಿಯರ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತ ಅತ್ತೆಗೆ ಹೇಳಿದ್ದ: "ಬ್ಯಾಟರೀಲಿ ಅರ್ಧ ಮಾತ್ರ ಬಳಸಬೇಕಮ್ಮ. ಇನ್ನರ್ಧ ಮುಟ್ಟಬಾರದು. ಆಗ ಬಹಳ ವರ್ಷ ಬಾಳಿಕೆ ಬರತ್ತೆ."

ನಾನು ಯಂತ್ರಗಳ ಜೊತೆ ಕೊಡುವ ಸೂಚನಾ ಪುಸ್ತಿಕೆಗಳನ್ನು ಬರೆಯುವವಳು. ಮಾತು ಎಲ್ಲಿ ಜಾರುತ್ತದೆಂದು ಕಾದು ನೋಡುವುದೇ ನನ್ನ ಸಂಬಳದ ಕೆಲಸ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು, ತೊಟ್ಟಿ ತುಂಬಿದ ಮೇಲೆ ಪಂಪನ್ನು ನಿಲ್ಲಿಸಿ ಎಂದು ಬರೆದಿದ್ದರಂತೆ. ಒಬ್ಬ ಗಿರಾಕಿ ಮಲಗಿದ್ದ ಪಂಪನ್ನು, ಅದು ಓಡುತ್ತಿರುವಾಗಲೇ, ಎತ್ತಿ ನಿಲ್ಲಿಸಿದ್ದ.

ಬ್ಯಾಟರೀಲಿ ಅರ್ಧ. ಆಂಪಿಯರ್ ಹೇಳಿದ್ದು ಒಂದೊಂದು ಬ್ಯಾಟರಿಯ ಒಳಗಿನ ಅರ್ಧ. ಆದರೆ ನಾವು ನಾಲ್ಕು ಬ್ಯಾಟರಿ ಎನ್ನುತ್ತೇವೆಯೇ ಹೊರತು ಮಾತಿನಲ್ಲಿ ನಾಲ್ಕು ಬ್ಯಾಟರಿಗಳು ಎನ್ನುವುದಿಲ್ಲ. ಒಂದಕ್ಕೂ ಅದೇ ಮಾತು, ನಾಲ್ಕಕ್ಕೂ ಅದೇ ಮಾತು. ಸೋಪು ಕೊಯ್ಯುವ ಕಿವಿಗೆ ಅದು ಹೇಗೆ ಕೇಳಿಸಿರಬಹುದು?

ಅತ್ತೆ ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು, ಮಣೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಅವರ ಮುಂದೆ ಸೋಪನ್ನು ಇಟ್ಟೆ.

"ಇದೇನಮ್ಮ, ಸೊಪ್ಪಿನ ಜೊತೆ ಸೋಪು?"

"ಇದನ್ನ ಕೊಯ್ದಿದ್ದು ನೀವೇ ತಾನೇ ಅತ್ತೆ?"

"ಹೌದು. ಇಡೀ ಸೋಪು ಇಟ್ರೆ ನಿಮ್ಮ ಮಾವ ಮೈಗಿಂತ ಗೋಡೆಗೇ ಜಾಸ್ತಿ ಹಚ್ತಾರೆ."

"ಬ್ಯಾಟರಿನೂ ಕೊಯ್ದ್ರಾ?"

ಸೊಪ್ಪಿನ ದಂಟು ಅವರ ಕೈಯಲ್ಲೇ ನಿಂತಿತು. ಒಮ್ಮೆ ಬಚ್ಚಲಿನ ಕಡೆ ಕಿವಿಕೊಟ್ಟರು. ಮಾವ ನೀರು ಸುರಿದುಕೊಳ್ಳುತ್ತ ಯಾರನ್ನೋ ಪ್ರಶ್ನೆ ಕೇಳುವ ಅಭ್ಯಾಸ ಮಾಡುತ್ತಿದ್ದರು.

"ಕೊಯ್ಯೋಕೆ ಅದೇನು ಕುಂಬಳಕಾಯಾ?" ಎಂದರು ಅತ್ತೆ, ದನಿ ತಗ್ಗಿಸಿ. "ವೈರು ಬಿಚ್ಚಿಟ್ಟಿದೀನಿ. ಎರಡಕ್ಕೆ."

"ಅತ್ತೆ!"

"ಏನು ಅತ್ತೆ? ಆ ಹುಡುಗ ಹೇಳಿದ್ದು ನೀನೂ ಕೇಳಿಸ್ಕೊಂಡಿದೀಯ. ಅರ್ಧ ಮಾತ್ರ ಬಳಸಿ, ಇನ್ನರ್ಧ ಮುಟ್ಟಬೇಡಿ ಅಂದ. ಈ ಮನೇಲಿ ಇಷ್ಟು ವರ್ಷ ಆಯ್ತು, ಒಬ್ಬರ ಬಾಯಲ್ಲಾದ್ರೂ ಇಂಥಾ ಮಾತು ಬಂದಿದೆಯಾ? ನನ್ನ ಮಗ, ನಿನ್ನ ಗಂಡ, ಟೂತ್‌ಪೇಸ್ಟ್ ಹಿಂಡೋದು ನೋಡಿದೀಯಲ್ಲ. ಅವತ್ತೇ ಅಂದ್ಕೊಂಡೆ, ಅಳಿಯ ಆದ್ರೆ ಇವನೇ ಆಗ್ಬೇಕು ಅಂತ. ಅವನ ಮಾತನ್ನ ಒಂದಕ್ಷರ ಮೀರಿಲ್ಲ ನಾನು."

"ಆಸಿಡ್ ಇರೋದನ್ನ ಯಾವುದ್ರಿಂದ ಬಿಚ್ಚಿದ್ರಿ?"

"ಹೊಲಿಗೆ ಮೆಷಿನ್ನಿನ ಸ್ಪ್ಯಾನರು ಇದೆಯಲ್ಲ. ಕುಕ್ಕರ್ ಹಿಡಿ ಬಿಗಿ ಮಾಡೋಳಿಗೆ ಇದೇನು ಮಹಾ? ವೈರಿನ ತುದಿಗೆ ಬಟ್ಟೆ ಸುತ್ತಿ ಗಂಟು ಹಾಕಿದೀನಿ. ಆ ಎರಡೂ ಹೊಸದಾಗೇ ಇರ್ಲಿ. ನಾಳೆ ಮದುವೆಗೆ ದೀಪದ ಸರ ಹಾಕೋವಾಗ ಬೇಕಾಗತ್ತೆ."

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಮದುವೆಗೆಂದು ಎತ್ತಿಟ್ಟ ಬ್ಯಾಟರಿಯಿಂದಲೇ ಮದುವೆ ಮುರಿದುಬೀಳುತ್ತಿತ್ತು. ನಾನು ಮೆಲ್ಲಗೆ ಬಿಡಿಸಿ ಹೇಳಿದೆ. ಅರ್ಧ ಉಳಿಸುವ ಕೆಲಸ ಪೆಟ್ಟಿಗೆಯೇ ಮಾಡುತ್ತದೆ. ಅದಕ್ಕೆಂದೇ ಅವನು ಎರಡರ ಬದಲು ನಾಲ್ಕು ಹಾಕಿದ್ದ. ಅವನು ಎರಡು ಪಟ್ಟು ಮಾಡಿದ್ದನ್ನು ಅತ್ತೆ ಮತ್ತೆ ಅರ್ಧ ಮಾಡಿದ್ದರು.

ಅತ್ತೆಯ ಮುಖ ಬಾಡಿತು. "ಅಯ್ಯೋ ನನ್ನ ಕೈ ಸೇದಿಹೋಗ. ಹಾಗಾದ್ರೆ ಆ ಹುಡುಗನ ಮೇಲೆ ಬಂದ ಮಾತೆಲ್ಲ..."

"ಅವತ್ತು ಅವನು ಲೆಕ್ಕ ಒಪ್ಪಿಸೋವಾಗ ನೀವು ಕೇಳಿಸ್ಕೊಳ್ಳಲಿಲ್ವಾ?"

"ಗಂಡಸರ ಲೆಕ್ಕ ಕೇಳ್ತಾ ಕೂತ್ರೆ ಒಲೆ ಮೇಲಿರೋದನ್ನ ಯಾರು ನೋಡ್ಬೇಕು? ಏಳು, ಏಳು. ಅವನು ಬರೋದ್ರೊಳಗೆ ಸಿಕ್ಕಿಸಿಬಿಡೋಣ. ನಿಮ್ಮ ಮಾವನಿಗೆ ಗೊತ್ತಾದ್ರೆ ನನ್ನನ್ನೇ ಮುಟ್ಟುಗೋಲು ಹಾಕ್ಕೊಂಡಾರು."

ನಾನು ರಬ್ಬರ್ ಚಪ್ಪಲಿ ಮೆಟ್ಟಿಕೊಂಡೆ. ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಗವಸು ಎತ್ತಲು ಉದ್ದನೆಯ ಮರದ ಸೌಟು ತಗೊಂಡೆ. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಬ್ಯಾಟರಿ ಹತ್ರ ಹೋಗ್ತಿದೀಯೋ, ಹುಲಿ ಹತ್ರಾನೋ?"

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಳೆಯ ಬಣ್ಣದ ವಾಸನೆ. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಪುಟ್ಟ ಹಸಿರು ದೀಪ. ಕೆಳಗೆ, ಹಲಗೆಯ ಮೇಲೆ, ಹೂವಿನ ಗವಸು ತೊಟ್ಟ ನಾಲ್ವರು. ಅತ್ತೆ ಹಿಂದಿನಿಂದ ಟಾರ್ಚು ಬಿಟ್ಟರು.

ಎಡತುದಿಯ ಗವಸನ್ನು ಸೌಟಿನಿಂದ ಎತ್ತಿದೆ. ವೈರು ಬಿಚ್ಚಿತ್ತು. ತುದಿಗೆ ಹೂವಿನ ಬಟ್ಟೆಯ ಚೂರು, ಮೇಲೊಂದು ಗಂಟು.

"ಇದು ನಂದು" ಎಂದರು ಅತ್ತೆ.

ಎರಡನೆಯದು. ಅದೇ ಬಟ್ಟೆ, ಅದೇ ಗಂಟು.

"ಇದೂ ನಂದೇ. ಸಾಕು, ಇನ್ನೆರಡು ಸರಿಯಾಗಿವೆ. ಸ್ಪ್ಯಾನರು ಹಿಡಿ."

ಆದರೆ ನನ್ನ ತಲೆಯಲ್ಲಿ ಏನೋ ಕೂರಲಿಲ್ಲ. ಚಿಲಕ ಹಾಕಿ ಬಂದು ಮಲಗಿದ ಮೇಲೂ ಮತ್ತೆ ಏಳಿಸುತ್ತದಲ್ಲ, ಅಂಥದೇ ಒಂದು ಕಿರಿಕಿರಿ. ನಾಲ್ಕಕ್ಕೆ ಬೆಳಗು. ಎರಡಕ್ಕೆ ನಡುರಾತ್ರಿ. ಒಂದಕ್ಕೆ ಊಟದ ತಟ್ಟೆ. ಅತ್ತೆ ಬಿಚ್ಚಿದ್ದು ಎರಡೇ ಆಗಿದ್ದರೆ ನಾವು ದಿನಾ ದೀಪದ ಬೆಳಕಿನಲ್ಲೇ ಉಂಡು, ಪಾತ್ರೆ ತೊಳೆದು, ಹಾಸಿಗೆಯಲ್ಲಿ ಒಂದು ನಿದ್ದೆ ಮುಗಿಸಿರಬೇಕಿತ್ತು. ನಾವು ಉಣ್ಣುತ್ತಿದ್ದದ್ದು ಮೇಣದಬತ್ತಿಯ ಬೆಳಕಿನಲ್ಲಿ.

ಆಂಪಿಯರ್‌ನ ಲೆಕ್ಕ ತಪ್ಪಲ್ಲ ಎಂದು ಈಗಷ್ಟೇ ಸಾಬೀತು ಮಾಡಿದವಳು ನಾನು. ಲೆಕ್ಕ ಸರಿಯಿದ್ದರೆ ಕಳ್ಳತನ ಇನ್ನೂ ಅರ್ಧವೇ ಸಿಕ್ಕಿತ್ತು.

ಮೂರನೆಯ ಗವಸನ್ನು ಎತ್ತಿದೆ. ವೈರು ಗಟ್ಟಿಯಾಗಿ ಕೂತಿತ್ತು.

ನಾಲ್ಕನೆಯದನ್ನು ಎತ್ತಿದೆ.

ಅತ್ತೆ ಟಾರ್ಚನ್ನು ಇನ್ನಷ್ಟು ಹತ್ತಿರ ತಂದರು. "ಇದು ನಂದಲ್ಲ."

ವೈರು ಬಿಚ್ಚಿತ್ತು. ಬಟ್ಟೆ ಇರಲಿಲ್ಲ. ತುದಿಯನ್ನು ಯಾರೋ ಮೇಣದಲ್ಲಿ ಮುಳುಗಿಸಿ, ಎಲ್ಲೂ ಒಂದು ಎಳೆ ತಾಮ್ರ ಕಾಣದ ಹಾಗೆ ನುಣ್ಣಗೆ ತೀಡಿದ್ದರು. ಎಂಥ ಕೆಲಸ! ಅತ್ತೆಯ ಗಂಟಿನ ಪಕ್ಕದಲ್ಲಿ ಅದು ಆಭರಣದಂತೆ ಕಾಣುತ್ತಿತ್ತು.

"ನನ್ನ ಕಣ್ಣಾಣೆ, ನಾನು ಬಿಚ್ಚಿದ್ದು ಎರಡೇ. ಮೇಣದಬತ್ತಿ ಹಿಡ್ಕೊಂಡು ಇಲ್ಲಿಗೆ ಯಾರು ಬಂದಿದ್ರು?"

ನಾನು ಬಗ್ಗಿ ನೋಡಿದೆ. ನಮ್ಮ ಮನೆಯ ಮೇಣದಬತ್ತಿ ಬಿಳಿ. ಇದು ಗುಲಾಬಿ. ಹೂವಿನ ಗುಲಾಬಿಯಲ್ಲ, ಒಸಡಿನ ಗುಲಾಬಿ.

ಹಿಂದಿನಿಂದ ಹಾಲು ಉಕ್ಕಿ ಒಲೆಗೆ ಬಿದ್ದ ಸುಟ್ಟ ವಾಸನೆ ಬಂತು. ಅತ್ತೆ ಟಾರ್ಚನ್ನು ನನ್ನ ಚೀಲದ ಕೈಗೆ ತುರುಕಿ ಅಡುಗೆಮನೆಗೆ ಓಡಿದರು. ನಾನು ಅಲ್ಲೇ ಕುಕ್ಕರಗಾಲಲ್ಲಿ ಉಳಿದೆ.

ಈ ಮನೆಯಲ್ಲಿ ಒಸಡಿನ ಬಣ್ಣದ ಮೇಣ ಇಟ್ಟುಕೊಂಡಿರುವುದು ಒಬ್ಬಳೇ. ನಾದಿನಿ ಪೇಟೆಬೀದಿಯಲ್ಲಿ ಹಲ್ಲಿನ ಸೆಟ್ ಮಾಡಿಕೊಡುವ ಕಡೆ ಕೆಲಸಕ್ಕಿದ್ದಾಳೆ. ಆ ಮೇಣದಲ್ಲಿ ಒಸಡು ತಿದ್ದಿ, ಅದರೊಳಗೆ ಒಂದೊಂದೇ ಹಲ್ಲು ಕೂರಿಸುವುದು ಅವಳ ಕಸುಬು. ಸಂಜೆ ಮನೆಗೆ ಬಂದಾಗ ಅವಳ ಉಗುರುಗಳ ಸಂದಿಯಲ್ಲಿ ಸದಾ ಒಂದು ಗುಲಾಬಿ ಗೆರೆ ಇರುತ್ತದೆ.

ಆದರೆ ಅವಳು ಯಾಕೆ? ಈ ಮದುವೆ ನಿಂತರೆ ಕಳೆದುಕೊಳ್ಳುವವಳೇ ಅವಳು. ಅವನ ಲೆಕ್ಕ ಯಾವತ್ತೂ ತಪ್ಪಲ್ಲ ಎಂದು ಮಾವನ ಮುಂದೆ ವಾದಿಸುತ್ತಿದ್ದವಳೂ ಅವಳೇ.

ಆಮೇಲೆ ಉಳಿದದ್ದೂ ನೆನಪಾಯಿತು. ನಿನ್ನೆ ಮಾವ ತೀರ್ಪು ಹೇಳಿದಾಗ ಎಲ್ಲರ ಕೈ ತಟ್ಟೆಯಲ್ಲೇ ನಿಂತಿತ್ತು. ಎರಡನೆಯ ಸಲ ಬಡಿಸಿಕೊಂಡವಳು ಅವಳೊಬ್ಬಳೇ. ನಾನದನ್ನು ಧೈರ್ಯ ಎಂದುಕೊಂಡೆ. ದಿನಾ ದೀಪ ಆರಿದ ಕೂಡಲೇ ಹೊತ್ತಿಸಿದ ಮೇಣದಬತ್ತಿ ಹಿಡಿದು ಬರುವವಳು ಅವಳು. ನಾನದನ್ನು ಚುರುಕು ಎಂದುಕೊಂಡೆ. ಕತ್ತಲಾದ ಮೇಲೆ ಕಡ್ಡಿಪೆಟ್ಟಿಗೆ ಹುಡುಕಲು ಯಾರಿಗಾದರೂ ಒಂದಿಷ್ಟು ಹೊತ್ತು ಬೇಕಲ್ಲವೇ? ಅವಳಿಗೆ ಬೇಕಾಗುತ್ತಿರಲಿಲ್ಲ.

"ಅತ್ತಿಗೆ."

ತಲೆ ಎತ್ತಿದೆ. ಕೆಲಸದಿಂದ ಬಂದ ನಾದಿನಿ ಹೆಗಲ ಚೀಲವನ್ನೂ ಇಳಿಸದೆ ಮೆಟ್ಟಿಲಿಗೆ ಒರಗಿ ನಿಂತಿದ್ದಳು. ನನ್ನ ಚಪ್ಪಲಿ ನೋಡಿದಳು, ಕೈಗೆ ತೊಟ್ಟ ಚೀಲಗಳನ್ನು ನೋಡಿದಳು, ಸೌಟಿನ ತುದಿಯಲ್ಲಿ ನೇತಾಡುತ್ತಿದ್ದ ಹೂವಿನ ಗವಸನ್ನು ನೋಡಿದಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

"ಅದನ್ನ ಮುಚ್ಚಿಬಿಡಿ" ಎಂದಳು.

"ಪುಟ್ಟಿ, ಇದು ನೀನಾ?"

"ಮುಚ್ಚಿಬಿಡಿ ಅತ್ತಿಗೆ. ಅವರು ಬೀದಿ ತಿರುವಿನಲ್ಲಿ ಬರ್ತಿದ್ದಾರೆ. ನಾನು ನೋಡ್ಕೊಂಡೇ ಓಡಿ ಬಂದೆ."

"ನಾನೀಗ ನಿಮ್ಮಪ್ಪನಿಗೆ ಇದನ್ನ ತೋರಿಸಿದ್ರೆ ಅವನ ಲೆಕ್ಕ ಸರಿ ಅಂತಾಗತ್ತೆ. ಮದುವೆ ಉಳಿಯತ್ತೆ. ಮುಚ್ಚಿಬಿಟ್ರೆ ಅವನು ತಪ್ಪೊಪ್ಕೊಂಡು ಸಾಮಾನು ಬಿಚ್ಕೊಂಡು ಹೋಗ್ತಾನೆ. ಗೊತ್ತಿದೆ ತಾನೇ ನಿನಗೆ?"

"ಗೊತ್ತಿದೆ."

ಹೊರಗೆ ಗೇಟು ಕಿರುಗುಟ್ಟಿತು. ಯಾರೋ ಚೀಲದ ತುಂಬ ಸ್ಪ್ಯಾನರು, ಸ್ಕ್ರೂಡ್ರೈವರು ಹೊತ್ತು ನಡೆವ ಸದ್ದು. ಮಹಡಿಯಿಂದ ಮಾವನ ದನಿ ಇಳಿಯಿತು: "ಬಂದ್ನಾ ಆಂಪಿಯರ್? ಕುರ್ಚಿ ಹಾಕಿ. ಬಾಗಿಲು ತೆಗೀರಿ ಯಾರಾದ್ರೂ."

"ನಾನು ತೆಗೀತೀನಪ್ಪ" ಎಂದು ಕೂಗಿದಳು ನಾದಿನಿ. ಹೊರಡಲು ತಿರುಗಿದವಳ ಸೆರಗನ್ನೋ ಕೈಯನ್ನೋ ಹಿಡಿಯೋಣವೆಂದರೆ ನನ್ನ ಕೈಗಳು ಚೀಲದಲ್ಲಿದ್ದವು.

"ಒಂದೇ ಒಂದು ಮಾತು ಹೇಳಿ ಹೋಗು" ಎಂದೆ. "ನಿನಗೆ ಅವನು ಬೇಡ್ವಾ?"

ಅವಳು ಚಿಲಕದ ಮೇಲೆ ಕೈಯಿಟ್ಟು ತಿರುಗಿ ನೋಡಿದಳು. ಹೆಬ್ಬೆರಳಿನ ಉಗುರಲ್ಲಿ ಗುಲಾಬಿ ಗೆರೆ.

"ಬೇಕಂತಲೇ ಮಾಡಿದ್ದು ಅತ್ತಿಗೆ."

ಬೇಕಂತಲೇ. ಗೊತ್ತಿದ್ದೂ, ಉದ್ದೇಶವಿಟ್ಟುಕೊಂಡೇ ಕೆಡಿಸಿದೆ ಎಂದೇ? ಅವನು ಬೇಕು, ಅಪ್ಪನೆದುರು ತನ್ನ ಲೆಕ್ಕದ ಪರ ನಿಲ್ಲುತ್ತಾನೋ ನೋಡಲೆಂದು ಕೆಡಿಸಿದೆ ಎಂದೇ? ಒಂದೇ ಮಾತು, ಎರಡು ಕಡೆಗೂ ಬಾಗಿಲು. ಪುಸ್ತಿಕೆಯಲ್ಲಾಗಿದ್ದರೆ ಕೆಂಪು ಗೆರೆ ಎಳೆದು ಬರೆದವರನ್ನು ಕರೆಸಿ ಕೇಳುತ್ತಿದ್ದೆ.

ಚಿಲಕ ಸರಿಯಿತು. ಹೊಸ್ತಿಲಲ್ಲಿ ಆಂಪಿಯರ್ ನಿಂತಿದ್ದ. ಮುಖ ತೊಳೆದು, ತಲೆ ಬಾಚಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನೆಂದು ತುಟಿಗಳೇ ಹೇಳುತ್ತಿದ್ದವು. ಮೆಟ್ಟಿಲ ಮೇಲೆ ಮಾವನ ಬಿಳಿ ಅಂಗಿ ಕಾಣಿಸಿಕೊಂಡದ್ದೇ ತಡ, ಅವನು ಶುರು ಮಾಡಿಬಿಟ್ಟ.

"ಸರ್, ನನ್ನ ಲೆಕ್ಕ..."

ಸೌಟು ನನ್ನ ಕೈಯಲ್ಲಿತ್ತು. ಗವಸು ಸೌಟಿನ ತುದಿಯಲ್ಲಿತ್ತು. ನಾದಿನಿ ನನ್ನನ್ನೇ ನೋಡುತ್ತಿದ್ದಳು.